ಮೋಟ್ರಿಗೆ ಹಲೋ ಅಂದಿದ್ದು

ಫೋನಿನಿಂದಲೇ ಪಂಪು ಓಡಿಸುವ ನಮ್ಮ ಆ್ಯಪ್ ರೈತರಿಗೆ ತೋರಿಸಲು ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿದ್ದೆ. ಹೊಸ ಫೋನಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ.

ಪಕ್ಕದಲ್ಲಿ ಕೂತಿದ್ದ ಅಜ್ಜಿ ತಮ್ಮ ಬಟನ್ ಫೋನಿನಿಂದ ಕರೆ ಮಾಡಿ, ಒಂದು ನಂಬರು ಒತ್ತಿ, ಫೋನನ್ನು ನನ್ನ ಕಿವಿಗೇ ಹಿಡಿದರು. "ವಸಿ ಕೇಳಪ್ಪ, ಬಸ್ಸಿನ ಸದ್ದಲ್ಲಿ ನಂಗೆ ಕೇಳಾಕಿಲ್ಲ."

"ಹಲೋ," ಅಂದೆ.

"ಅದು ಮೋಟ್ರು ಕಣಪ್ಪ, ಮಾತಾಡಾಕಿಲ್ಲ. ನೀರು ಬೀಳ್ತಾ ಅದಾ ಯೋಳು, ಪೈರು ಒಣಗ್ತಾ ಅದೆ."

ಯಾರೋ ಬಿಸಾಕಿದ್ದ, ಗಾಜೊಡೆದ ಫೋನನ್ನು ತಮ್ಮ ಗದ್ದೆಯ ಮೋಟ್ರಿನ ಸ್ಟಾರ್ಟರ್ ಡಬ್ಬಕ್ಕೆ ಸೇರಿಸಿದ್ದಾರಂತೆ. ಕರೆ ಬಂದರೆ ಅದೇ ಎತ್ತಿಕೊಳ್ಳುತ್ತದೆ, ನಂಬರು ಒತ್ತಿದರೆ ಮೋಟ್ರು ಶುರುವಾಗುತ್ತದೆ. ಕಿವಿಗೊಟ್ಟೆ. ಮೋಟ್ರಿನ ಗುಂಯ್ ಸದ್ದಿನ ಹಿಂದೆ ನೀರು ಧುಮುಕುತ್ತಿತ್ತು.

"ಬೀಳ್ತಿದೆ ಅಜ್ಜಿ."

ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದರು: "ಮಳವಳ್ಳಿಗ್ಯಾಕಪ್ಪ ಹೊಂಟಿದ್ದೀಯ?"

ನೆಂಟರ ಮನೆಗೆ ಅಂದೆ.