ಒಬ್ಬರೇ ಕೂರುವ ಬೈಕು

ಕಳೆದ ಸೋಮವಾರ ಬೆಳಿಗ್ಗೆ ಎಂಟೂ ಐದಕ್ಕೆ ನನ್ನ ಬೈಕು ನನ್ನನ್ನು ಚಾಮರಾಜನಗರದಲ್ಲೇ ಬಿಟ್ಟು ಗುಂಡ್ಲುಪೇಟೆಗೆ ಹೋಯಿತು.

ಕಳುವಾಗಲಿಲ್ಲ. ನಾನು ಗೇಟಿನ ಹತ್ತಿರ ಪಂಚೆ ಎತ್ತಿ ಕಟ್ಟಿಕೊಂಡು ನೋಡುತ್ತಲೇ ನಿಂತಿದ್ದೆ. ಕೈಯಲ್ಲಿ ಒಂದು ಬೆಡ್‌ಶೀಟು. ಪಕ್ಕದ ಮನೆಯ ಸಿದ್ದರಾಜು ಕಾಂಪೌಂಡಿನ ಮೇಲೆ ಮೊಣಕೈ ಊರಿ, ಹಲ್ಲುಜ್ಜುವುದನ್ನು ನಿಲ್ಲಿಸಿ, ಬಾಯಿ ತುಂಬ ನೊರೆ ಇಟ್ಟುಕೊಂಡೇ ನೋಡುತ್ತಿದ್ದರು.

ಇದು ಹೇಗಾಯಿತು ಅಂತ ಕ್ರಮವಾಗಿ ಹೇಳಬೇಕು. (ಕ್ರಮವಾಗಿ ಆಗಿರಲಿಲ್ಲ. ಆದರೂ ಹೇಳುವಾಗ ಹಾಗೇ ಹೇಳಬೇಕಂತೆ.)

ತಪ್ಪು ಫೋನಿನದು. ಯಾವುದೋ ದೇಶದ ಗಡ್ಡದವನೊಬ್ಬ ತನ್ನ ಹಳೇ ಬೈಕಿನಿಂದ ಬೇಡದ್ದನ್ನೆಲ್ಲ ಬಿಚ್ಚಿ ಎಸೆದು, ಹನ್ನೊಂದೇ ನಿಮಿಷದಲ್ಲಿ ಅದನ್ನು ಬೇಟೆನಾಯಿಯ ಹಾಗೆ ಮಾಡಿಬಿಡುವ ವಿಡಿಯೋ ಅದು. ಬರೀ ಎಲುಬು, ಬರೀ ಇಂಜಿನ್ನು. ಅವನು ಒಂದು ಮಾತೂ ಆಡುವುದಿಲ್ಲ. ಹಿಂದೆ ಗಿಟಾರ್ ನುಡಿಯುತ್ತಿರುತ್ತದೆ. ನಾಲ್ಕು ಸಲ ನೋಡಿದೆ. ಐದನೇ ಸಲ ನೋಡುವಾಗ ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು.

ನನ್ನ ಬೈಕಿಗೆ ಇಪ್ಪತ್ತು ವರ್ಷ. ನಮ್ಮ ಮದುವೆಗಿಂತ ಒಂದು ವರ್ಷಕ್ಕೆ ದೊಡ್ಡದು. ಅದರ ಮೈಮೇಲೆ ಏನೇನಿತ್ತು ಗೊತ್ತೆ? ಮುಂದೆ ಕ್ರ್ಯಾಶ್ ಗಾರ್ಡು. ಹಿಂದೆ ಕ್ಯಾರಿಯರ್. ಒಂದು ಪಕ್ಕಕ್ಕೆ ಬಾಕ್ಸು, ಇನ್ನೊಂದು ಪಕ್ಕಕ್ಕೆ ಸೀರೆ ಗಾರ್ಡು. ಟ್ಯಾಂಕಿಗೆ ಜಿಪ್ ಕಿತ್ತುಹೋದ ಕವರ್. ಉದ್ದನೆಯ ಸೀಟು. ಅದರ ಹಿಂದೆ ಹಿಡಿದುಕೊಳ್ಳಲು ಕಂಬಿ. ತರಕಾರಿ ಚೀಲಕ್ಕೆ ಕೊಕ್ಕೆ. ಈಗ ನೀವೇ ಹೇಳಿ, ಬೈಕೆಂದರೆ ಏನು? ಎರಡು ಚಕ್ರ, ಒಂದು ಇಂಜಿನ್, ಒಂದು ಟ್ಯಾಂಕು, ಕೂರಲು ಒಂದಿಷ್ಟು ಜಾಗ. ಮಿಕ್ಕಿದ್ದೆಲ್ಲ ಸಂಸಾರ.

ಬಿಚ್ಚಿದೆ.

ಗಡ್ಡದವನಿಗೆ ಗ್ಯಾರೇಜ್ ಇತ್ತು. ನನಗೆ ಹಿತ್ತಿಲು ಮತ್ತು ಬಟ್ಟೆ ಒಗೆಯುವ ಕಲ್ಲು. ಅವನು ಬೋಲ್ಟುಗಳನ್ನು ಅಯಸ್ಕಾಂತದ ತಟ್ಟೆಯಲ್ಲಿ ಇಡುತ್ತಿದ್ದ. ನಾನು ಇಡ್ಲಿ ತಟ್ಟೆಯಲ್ಲಿ ಇಟ್ಟೆ. (ಗಮನಿಸಿ: ಒಂದೊಂದು ಗುಳಿಗೆ ಒಂದೊಂದು ಸೈಜು. ಇಂಥ ಸೌಲಭ್ಯ ಆ ದೇಶದಲ್ಲಿಲ್ಲ.) ನನ್ನ ಹೆಂಡತಿ ಮಂಗಳ ಅದನ್ನು ನೋಡಿ, "ಆ ತಟ್ಟೆ ಇನ್ನು ಅಡುಗೆಮನೆಗೆ ಬರೋದು ಬೇಡ. ನಾನೂ ಹಿತ್ತಿಲಿಗೆ ಬರಲ್ಲ" ಅಂದಳು. ಹಾಗೇ ಮಾಡಿದಳು ಕೂಡ. ಮೂರು ವಾರ ಅವಳು ಹಿತ್ತಿಲಿಗೆ ಕಾಲಿಡಲಿಲ್ಲ. ಇದು ಮುಖ್ಯ. ನೆನಪಿಟ್ಟುಕೊಳ್ಳಿ.

ಸಿದ್ದರಾಜು ರಿಟೈರಾದ ಬಸ್ ಡ್ರೈವರ್. ಕಾಂಪೌಂಡಿನಾಚೆಯಿಂದ ದಿನಾ ತಪಾಸಣೆ ಮಾಡುತ್ತಿದ್ದರು.

"ಯಾನ ಸಾ, ಗಾಡಿಯ ಹಿಂಗ ಬಿಚ್ಚಾಕ್ಬುಟ್ಟಿದ್ದರಿ? ಪೋಸ್ಟ್‌ಮಾರ್ಟಮ್ಮಾ?"

"ಕಸ್ಟಮೈಸ್ ಮಾಡ್ತಿದ್ದೀನಿ ಸಿದ್ದರಾಜು. ಬೇಡದ್ದನ್ನ ತೆಗೀತಿದ್ದೀನಿ."

"ಬ್ಯಾಡ್ದೆ ಇರೋದ್ನ ಕಂಪ್ನಿಯವ್ನು ಯಾಕ್ ಸಾ ಹಾಕಿದ್ದನು? ಅವ್ನಿಗೇನ್ ಕಬ್ಬಿಣ ಹೆಚ್ಚಾಗಿತ್ತ?"

ಕಮ್ಮಿಯಿದ್ದಷ್ಟೂ ಚೆಂದ ಎನ್ನುವ ಮಿನಿಮಲಿಸಂ ಬಗ್ಗೆ ಐದು ನಿಮಿಷ ವಿವರಿಸಿದೆ. ಅವರು ಶ್ರದ್ಧೆಯಿಂದ ಕೇಳಿ, "ಅಂಗಂದ್ರ ಮಡ್‌ಗಾರ್ಡೂ ಇಲ್ವ?" ಅಂದರು.

ಸೀರೆ ಗಾರ್ಡನ್ನು ಬಿಚ್ಚುವಾಗ ಮಾತ್ರ ಸ್ವಲ್ಪ ಕೈ ತಡೆಯಿತು. ನನ್ನ ನೆನಪಿನ ಪ್ರಕಾರ ಅದನ್ನು ಮದುವೆಯ ಹಿಂದಿನ ವಾರ, ಬರಲಿರುವ ಹುಡುಗಿಯ ಸೆರಗು ಚಕ್ರಕ್ಕೆ ಸಿಕ್ಕಬಾರದೆಂದು, ನಾನೇ ಪ್ರೀತಿಯಿಂದ ಹಾಕಿಸಿದ್ದೆ. ಅದನ್ನು ಈ ಅಂಕಣಕ್ಕೆ ಬರೆದುಕೊಳ್ಳೋಣವೆಂದು ಪೆನ್ನು ಹುಡುಕುತ್ತಿದ್ದಾಗ ಸಿದ್ದರಾಜು ಅಂದರು: "ಅದು ಕಂಪ್ನಿಯಿಂದ್ಲೇ ಬತ್ತದ ಸಾ. ಅದಿಲ್ದೆ ಗಾಡಿ ಆಚ್ಗೇ ಬುಡಲ್ಲ."

ನೋಡಿ, ನೆನಪು ಅಂದರೆ ಇದೇ. ಕಂಪನಿ ಫಿಟ್ಟಿಂಗಿಗೆಲ್ಲ ನಮ್ಮ ಪ್ರೀತಿಯ ಲೇಬಲ್ ಅಂಟಿಸುತ್ತದೆ. ಇದನ್ನು ನಾನು ಈ ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೇನೆ? ಹಳೇ ಗಾಡಿಯ ಬಗ್ಗೆ ಬರೆಯುವವರೆಲ್ಲ ಈ ಜಾಗದಲ್ಲಿ ಅಪ್ಪನನ್ನು ತರುತ್ತಾರೆ, ಟ್ಯಾಂಕಿನ ಮೇಲೆ ಕೂರಿಸಿಕೊಂಡು ಊರು ಸುತ್ತಿಸಿದ ಅಪ್ಪ. ನಮ್ಮಪ್ಪ ಬೈಕು ಮುಟ್ಟಿದವರೇ ಅಲ್ಲ. ಆ ಪ್ಯಾರಾವನ್ನೂ ಬಿಚ್ಚಿ ಹಾಕಿದ್ದೇನೆ.

ಇನ್ನುಳಿದದ್ದು ಸೀಟು. ಹಳೆಯದನ್ನು ತಬ್ಬಿಕೊಂಡು ಗುಂಡ್ಲುಪೇಟೆ ಬಸ್ ಹತ್ತಿದೆ. ಕೂರಲು ಜಾಗವಿರಲಿಲ್ಲ. ಮಾರುದ್ದದ ಸೀಟನ್ನು ಎದೆಗವುಚಿಕೊಂಡು ಇಡೀ ದಾರಿ ನಿಂತೇ ಹೋದೆ.

ಅಲ್ಲಿ ಸೀಟು ಹೊಲಿಯುವ ಖಲೀಲ್ ಭಾಯ್ ಇದ್ದಾರೆ. ಮನೆಯವರ ಜೊತೆ ಉರ್ದು, ಕೇರಳದ ಲಾರಿ ಡ್ರೈವರುಗಳ ಜೊತೆ ಮಲಯಾಳಂ, ನನ್ನ ಜೊತೆ ಕನ್ನಡ, ಹೊಲಿಗೆ ಮಿಷನ್ನಿನ ಜೊತೆ ಮೂರರಲ್ಲೂ ಬೈಗುಳ. ನಾನು ತೋರಿಸಿದ ಫೋಟೋವನ್ನು ಕನ್ನಡಕ ಏರಿಸಿ ನೋಡಿದರು.

"ಎಷ್ಟು ಜನಕ್ಕೆ ಸಾರ್ ಇದು?"

"ಒಬ್ಬರಿಗೆ."

"ಮೇಡಂ ಎಲ್ಲಿ ಕೂರ್ತಾರೆ?"

"ಅವರಿಗೆ ಬಸ್ಸಿದೆ ಭಾಯ್." (ನಿಜ. ಮಂಗಳ ಉಮ್ಮತ್ತೂರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ದಿನಾ ಬಸ್‌ಸ್ಟ್ಯಾಂಡಿಗೆ ಬಿಡುವವನು ನಾನು. ಅದೂ ಇದೇ ಬೈಕಿನಲ್ಲಿ ಎಂಬುದು ಆ ಕ್ಷಣದಲ್ಲಿ ಏಕೆ ಹೊಳೆಯಲಿಲ್ಲ ಅಂತ ಕೇಳಬೇಡಿ. ಬೈಕಿಲ್ಲದ ಮೂರು ವಾರ ಅವಳು ನಡೆದೇ ಹೋಗುತ್ತಿದ್ದಳು. ಮೂರು ವಾರ ನಡೆದದ್ದು ನನ್ನ ಕಣ್ಣಿಗೆ ಅನಾದಿ ಕಾಲದ ಪದ್ಧತಿಯಾಗಿ ಕಂಡಿತ್ತು.)

ಭಾಯ್ ನಕ್ಕರು. "ಮೇಡಂ ಅಂದ್ರೆ ಮದ್ದೂರು ಫಾರೆಸ್ಟ್ ವಾಚರ್ ಮಗಳು ತಾನೆ? ಅವರೇ ಗಾಡಿ ಓಡಿಸ್ತಾರಲ್ಲ ಸಾರ್. ಅವರಪ್ಪಂಗೆ ಕಾಲಿಗೆ ಪೆಟ್ಟಾದ ವರ್ಷ, ಅಪ್ಪನ್ನ ಹಿಂದೆ ಕೂರಿಸ್ಕೊಂಡು ಆಸ್ಪತ್ರೆಗೆ ಬರ್ತಿದ್ರು. ಕಾಲು ನೆಲಕ್ಕೆ ಎಟುಕಲ್ಲ ಅಂತ ನನ್ ಕೈಲೇ ಸೀಟಲ್ಲಿ ಎರಡಿಂಚು ಫೋಮ್ ತೆಗೆಸಿದ್ರು."

ನಾನೂ ನಕ್ಕೆ. ಮಂಗಳ ಮತ್ತು ಗೇರ್ ಗಾಡಿ? ಮದುವೆಯಾದ ಹೊಸತರಲ್ಲಿ ಗೋಪಾಲಸ್ವಾಮಿ ಬೆಟ್ಟ ಹತ್ತುವಾಗ ತಿರುವು ನೋಡಿ ಹೆದರಿ, ಕಣ್ಣು ಮುಚ್ಚಿ, ನನ್ನ ಸೊಂಟ ಹಿಡಿದುಕೊಂಡಿದ್ದ ಹುಡುಗಿ ಅವಳು. (ಈ ಅಂಕಣದಲ್ಲಿ ಅದನ್ನು ಎರಡು ಸಲ ಬರೆದಿದ್ದೇನೆ. ಎರಡು ಸಲವೂ ನಿಮಗೆ ಇಷ್ಟವಾಗಿತ್ತು.) ಭಾಯ್‌ಗೆ ವಯಸ್ಸಾಯಿತು, ಯಾರದೋ ಮಗಳನ್ನು ಯಾರಿಗೋ ಹೊಲಿಯುತ್ತಿದ್ದಾರೆ ಅಂದುಕೊಂಡೆ. ನೆನಪು ಎಷ್ಟು ಮೋಸಗಾರ ಎಂದು ಅವರಿಗೆ ಮೆತ್ತಗೆ ತಿಳಿಸಿ ಹೇಳಿದೆ.

"ಹೌದಾ ಸಾರ್" ಅಂದರು. "ನಂಗೆ ಮುಖ ಮರೆತೋಗ್ತದೆ. ಸೀಟ್ ಮರೆಯಲ್ಲ." ಆಮೇಲೆ ಫೋಮಿಗೆ ಬ್ಲೇಡ್ ಹಾಕಿ, "ಎರಡಿಂಚು ಕಮ್ಮಿ ಇಡ್ತೀನಿ" ಅಂದರು.

"ಯಾಕೆ?"

"ಸ್ಟೈಲಿಗೆ ಸಾರ್."

ಭಾನುವಾರ ಸಂಜೆ ಕೆಲಸ ಮುಗಿಯಿತು. ಮಡ್‌ಗಾರ್ಡಿಲ್ಲ, ಚೈನ್ ಕವರಿಲ್ಲ, ಕನ್ನಡಿಯಿಲ್ಲ. ಮಧ್ಯದಲ್ಲಿ ಕಂದು ಬಣ್ಣದ ಪುಟ್ಟ ಸೀಟು, ರೊಟ್ಟಿ ತಟ್ಟಿಟ್ಟ ಹಾಗೆ. ಇಡ್ಲಿ ತಟ್ಟೆಯಲ್ಲಿ ಹನ್ನೊಂದು ಬೋಲ್ಟು ಉಳಿದಿದ್ದವು. ಅವೂ ಬೇಡದ್ದವೇ ಇರಬೇಕು. (ಆರ್‌ಟಿಒ ಕಚೇರಿಯವರು ಅಂಕಣ ಓದುವುದಿಲ್ಲ ಎಂಬ ಧೈರ್ಯದಲ್ಲಿ ಇಷ್ಟೆಲ್ಲ ಬರೆಯುತ್ತಿದ್ದೇನೆ.) ಬೆಳಿಗ್ಗೆ ಎಲ್ಲರ ಎದುರು ತೆರೆ ಸರಿಸೋಣವೆಂದು ಮಂಗಳಳ ಹೊಸ ಬೆಡ್‌ಶೀಟನ್ನು ಮೇಲೆ ಹೊದಿಸಿದೆ.

ಒಳಗಿನಿಂದ ಅವಳ ದನಿ: "ಗಾಡಿ ರೆಡಿಯಾಯ್ತಾ? ನಾಳೆ ಗುಂಡ್ಲುಪೇಟೆ ನೆನಪಿದ್ಯಲ್ಲ?"

"ರೆಡಿ. ನೆನಪಿದೆ."

ಎರಡೂ ನಿಜ. ಎರಡೂ ನನ್ನ ತಲೆಯ ಬೇರೆ ಬೇರೆ ಗುಳಿಯಲ್ಲಿದ್ದವು, ಬೋಲ್ಟುಗಳ ಹಾಗೆ.

ಗುಂಡ್ಲುಪೇಟೆ ಅಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಡ್ಯೂಟಿ. ಮಂಗಳ ಕೊಠಡಿ ಮೇಲ್ವಿಚಾರಕಿ. ಒಂಬತ್ತೂಕಾಲಿಗೆ ಸೆಂಟರಿನಲ್ಲಿರಬೇಕು. ತಡವಾದರೆ ನೋಟಿಸು. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಒಂದು ದಿನವೂ ಲೇಟಾಗಿ ಸಹಿ ಹಾಕದವಳು, ಮಕ್ಕಳಿಗೆ ತಡವಾಗಿ ಬರಬೇಡಿ ಎಂದು ಹೇಳುವ ಅಧಿಕಾರವನ್ನು ಅಷ್ಟರಿಂದಲೇ ಗಳಿಸಿಕೊಂಡವಳು. ನಾನು ಕರೆದುಕೊಂಡು ಹೋಗುತ್ತೇನೆಂದು ನಂಬಿ ಏಳೂವರೆಯ ಬಸ್ಸನ್ನು ಬಿಟ್ಟಿದ್ದಳು.

ಸೋಮವಾರ ಎಂಟಕ್ಕೆ ಹತ್ತು ನಿಮಿಷ. ಬೈಕನ್ನು ಗೇಟಿನ ಬಳಿ ತಂದು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆ. (ಮಿನಿಮಲಿಸಂ ಸರಿ. ಆದರೆ ನಿಂಬೆಹಣ್ಣು ಬಿಡುವಷ್ಟು ಅಲ್ಲ.) ಮಂಗಳ ಇಸ್ತ್ರಿ ಸೀರೆ, ಕೈಚೀಲ, ಟಿಫನ್ ಬಾಕ್ಸಿನೊಂದಿಗೆ ಬಂದಳು. ನಾನು ಬೆಡ್‌ಶೀಟನ್ನು ಜಾದೂಗಾರನಂತೆ ಸರ್ರನೆ ಎಳೆದೆ.

ಅವಳು ನೋಡಿದಳು. ಬೈಕಿನ ಸುತ್ತ ಒಂದು ಸುತ್ತು ಬಂದಳು. ಹಿಂದಿನ ಚಕ್ರದ ಮೇಲಿನ ಗಾಳಿಯಲ್ಲಿ ಅಂಗೈ ಆಡಿಸಿದಳು.

"ನಾನೆಲ್ಲಿ ಕೂತ್ಕೊಳ್ಳಿ?"

ಓದುಗರೇ, ಈ ಪ್ರಶ್ನೆಗೆ ಗಡ್ಡದವನ ವಿಡಿಯೋದಲ್ಲಿ ಉತ್ತರವಿಲ್ಲ.

"ಆಟೋ ಕರೀಲಾ?" ಅಂದೆ. ಆ ಹೊತ್ತಿಗೆ ಅಷ್ಟು ದೂರ ಬರುವ ಆಟೋ ಯಾವುದು? ಮುಂದಿನ ಬಸ್ಸು ಹಿಡಿದರೆ ಒಂಬತ್ತೂವರೆಯಾದರೂ ತಲುಪುವುದಿಲ್ಲ. ಸಿದ್ದರಾಜು ನೊರೆಯ ನಡುವಿನಿಂದಲೇ ತೀರ್ಪು ಕೊಟ್ಟರು: "ಟ್ಯಾಂಕಿನ್ ಮ್ಯಾಲ ಕೂರಿಸ್ಕಳಿ ಸಾ. ಕವರೂ ಕಿತ್ತಾಕಿದ್ದರಿ, ಜಾಗ ಅದ."

ಮಂಗಳ ನಗಲಿಲ್ಲ. ಗಡಿಯಾರ ನೋಡಿದಳು. ಒಳಗೆ ಹೋದಳು. ಐದು ನಿಮಿಷದಲ್ಲಿ ಚೂಡಿದಾರ್ ಹಾಕಿಕೊಂಡು, ದುಪಟ್ಟಾವನ್ನು ಚೀಲಕ್ಕೆ ತುರುಕಿ, ಚೀಲವನ್ನು ಬೆನ್ನಿಗೆ ಬಿಗಿದು ಬಂದಳು. ನನ್ನ ಕೈಯಿಂದ ಹೆಲ್ಮೆಟ್ ತೆಗೆದುಕೊಂಡಳು. ಆಮೇಲೆ ಕೀ.

"ಒಬ್ಬರೇ ಕೂರೋ ಗಾಡಿ ತಾನೆ? ಕೆಲಸ ಇರೋರು ಕೂರ್ಲಿ."

"ಲೈಸೆನ್ಸು?" ಅಂದೆ.

"ಎರಡು ವರ್ಷದ ಹಿಂದೆ ರಿನ್ಯೂ ಮಾಡಿಸ್ಕೊಂಡೆ. ನೀವೇ ಆರ್‌ಟಿಒ ಆಫೀಸಿಗೆ ಡ್ರಾಪ್ ಕೊಟ್ರಿ." (ಕೊಟ್ಟಿದ್ದೆ. ಆಧಾರ್ ಕೆಲಸವೆಂದುಕೊಂಡು ಹೊರಗೆ ಟೀ ಕುಡಿಯುತ್ತಿದ್ದೆ.)

ಕೂತಳು. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದವು. ಎರಡಿಂಚು! ಒಂದೇ ಕಿಕ್. ಕ್ಲಚ್ಚನ್ನು ಎಷ್ಟು ನಯವಾಗಿ ಬಿಟ್ಟಳೆಂದರೆ ಬೈಕಿಗೇ ಆಶ್ಚರ್ಯವಾಗಿರಬೇಕು. ಎರಡೂ ನಿಂಬೆಹಣ್ಣು ಚಟ್ ಚಟ್ ಅಂದವು. ತಿರುವಿನಲ್ಲಿ ಕೈ ಚಾಚಿ ಸಿಗ್ನಲ್ ಕೊಟ್ಟು ಮರೆಯಾದಳು. ಇಂಡಿಕೇಟರನ್ನೂ ನಾನು ಬಿಚ್ಚಿದ್ದೆ.

ಸಿದ್ದರಾಜು ಕೊನೆಗೂ ನೊರೆ ಉಗುಳಿದರು. "ನಿಂಬೆಣ್ಣು ಮಡಗ್ದೋರು ನೀವು, ಅರ್ದೋರು ಮೇಡಮ್ಮೋರು. ಸೆಕೆಂಡ್ ಗೇರ್ ಹಾಕದ್ ನೋಡುದ್ರಾ ಸಾ? ನಮ್ ಡಿಪೋಲೂ ಅಂಗ್ ಹಾಕೋರಿರ್ನಿಲ್ಲ."

ಒಂಬತ್ತೂ ಎಂಟಕ್ಕೆ ಮೆಸೇಜು ಬಂತು. ಒಂದೇ ಪದ: "ತಲುಪಿದೆ."

ಸಂಜೆ ವಾಪಸ್ಸಾದಾಗ ಅವಳ ಬೆನ್ನಿನ ಮೇಲೆ, ಸೊಂಟದಿಂದ ಹೆಲ್ಮೆಟ್ಟಿನವರೆಗೆ, ಕೆಂಪು ಮಣ್ಣಿನ ಒಂದು ಪಟ್ಟೆ. ತೆರಕಣಾಂಬಿ ಹತ್ತಿರ ರಸ್ತೆ ಕೆಲಸದವರು ನೀರು ಹೊಡೆದಿದ್ದರಂತೆ. "ಮಡ್‌ಗಾರ್ಡ್ ಯಾತಕ್ಕೆ ಅಂತ ಇವತ್ತು ಪೂರ್ತಿ ಅರ್ಥ ಆಯ್ತು" ಅಂದಳು. "ಕನ್ನಡೀನೂ ಹಾಕಿ. ಹಿಂದೆ ಯಾರಿದ್ದಾರೆ ಅಂತ ನೋಡೋ ಅಭ್ಯಾಸ ನಿಮಗಿಲ್ಲ, ನನಗಿದೆ."

ನಾನು ಕಾಫಿ ಮಾಡಿಕೊಟ್ಟೆ. ಸುಮ್ಮನಿರಬೇಕಿತ್ತು. ಆದರೆ ಗೋಪಾಲಸ್ವಾಮಿ ಬೆಟ್ಟ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

"ಮತ್ತೆ ಆವತ್ತು ಬೆಟ್ಟದಲ್ಲಿ ಹೆದರಿ ಕಣ್ಣು ಮುಚ್ಚಿದ್ದೆಯಲ್ಲ?"

"ಹೆದರಿಕೇನಾ? ಅಂಥಾ ಏರಿನಲ್ಲಿ ನಾಲ್ಕನೇ ಗೇರಲ್ಲಿ ಹತ್ತಿಸ್ತಿದ್ರಿ. ಇಂಜಿನ್ನು ಗೋಳಾಡ್ತಿತ್ತು. ನೋಡಕ್ಕಾಗ್ದೆ ಕಣ್ಣು ಮುಚ್ಕೊಂಡೆ."

"ಸೊಂಟ ಹಿಡ್ಕೊಂಡಿದ್ದು?"

"ಗೇರ್ ಇಳಿಸಿ ಅಂತ ತಿವಿದಿದ್ದು."

"ಬಾಯಲ್ಲಿ ಹೇಳ್ಬೋದಿತ್ತಲ್ಲ!"

"ಹೇಳ್ದೆ. ನನಗೂ ಓಡ್ಸೋಕೆ ಬರುತ್ತೆ, ಕೊಡಿ ಅಂತಾನೂ ಹೇಳ್ದೆ. ಗಾಳಿ ಜೋರಾಗಿತ್ತು. ನೀವು 'ಹೂಂ' ಅಂದ್ರಿ."

ಹತ್ತೊಂಬತ್ತು ವರ್ಷದ ಹಿಂದಿನ 'ಹೂಂ'. ನನಗೆ ಅದು ನೆನಪೇ ಇಲ್ಲ. ನೆನಪನ್ನು ನಂಬಬಾರದು ಅಂತ ಬರೆದೂ ಬರೆದೂ, ನಾನು ನಂಬದೆ ಹೋದದ್ದು ಬೇರೆಯವರ ನೆನಪನ್ನು ಮಾತ್ರ. ಎರಡು ಸಲ ಅಚ್ಚಾದ ಆ ಬೆಟ್ಟದ ಕಥೆಯನ್ನು ನೀವು ಕತ್ತರಿಸಿ ಇಟ್ಟುಕೊಂಡಿದ್ದರೆ ದಯವಿಟ್ಟು ಇಡ್ಲಿ ತಟ್ಟೆಗೆ ಹಾಕಿ. ಹನ್ನೊಂದು ಬೋಲ್ಟಿನ ಜೊತೆ ಹನ್ನೆರಡನೆಯದು.

"ಮತ್ತೆ ಇಷ್ಟು ವರ್ಷ ಯಾಕೆ ಓಡಿಸಲಿಲ್ಲ?"

"ಮನೇಲಿರೋದು ಒಂದೇ ಗಾಡಿ. ಅದರ ಮೇಲೆ ನೀವಿದ್ರಿ."

ಅಂದಿನಿಂದ ಪರೀಕ್ಷೆಯ ದಿನಗಳಲ್ಲಿ ಬೈಕು ಅವಳದು. ನಾನು ಆಫೀಸಿಗೆ ನಡೆಯುತ್ತೇನೆ. ಮೊನ್ನೆ ಖಲೀಲ್ ಭಾಯ್ ಅಂಗಡಿಗೆ ಮಂಗಳಳೇ ಹೋಗಿದ್ದಳಂತೆ. ಅವರು ನನಗೆ ಫೋನ್ ಮಾಡಿದರು. "ಸಾರ್, ನಿಮ್ಮ ಹಳೇ ಸೀಟು ಇಲ್ಲೇ ಇದೆ. ಹಿಂದಕ್ಕೆ ಒಂದು ತುಂಡು ಜೋಡಿಸ್ಲಾ?" ಅವರ ದನಿಯಲ್ಲಿ ನಗು ಇತ್ತೋ ಇಲ್ಲವೋ, ಈಗ ನಾನು ಏನನ್ನೂ ಖಚಿತವಾಗಿ ಹೇಳುವವನಲ್ಲ.

ಮಂಗಳಳನ್ನು ಕೇಳಿದೆ. ಉತ್ತರಪತ್ರಿಕೆಯ ಅಂಕ ಕೂಡುವಾಗಿನ ಮುಖ ಮಾಡಿಕೊಂಡು ಯೋಚಿಸಿದಳು.

"ಹಾಕಿಸಿ. ಪರೀಕ್ಷೆ ಮುಗಿದ ಮೇಲೆ ನಾನು ಗಾಡೀಲೇ ಉಮ್ಮತ್ತೂರಿಗೆ ಹೋಗ್ತೀನಿ. ದಾರೀಲಿ ನಿಮ್ಮನ್ನ ಆಫೀಸಿಗೆ ಬಿಡ್ತೀನಿ. ಸಂತೆಮರಹಳ್ಳಿ ಸಂತೆಗೂ ನಾನೇ ಓಡಿಸ್ತೀನಿ, ನೀವು ಹಿಂದೆ ಚೀಲ ಹಿಡ್ಕೊಂಡು ಕೂತ್ಕೊಳ್ಳಿ."

ಸಂತೆಗೆ ನಾನು ಹೋಗುವುದು ಯಾವಾಗಲೂ ಪಂಚೆಯಲ್ಲೇ. ಗೊತ್ತಿದ್ದವರು ತಿಳಿಸಿ: ಸೀರೆ ಗಾರ್ಡು ಪಂಚೆಗೂ ಆಗುತ್ತದೆಯೆ?