ಬಸ್ಸು ತಪ್ಪಿದವನ ಹಾಡು

ಭಾನುವಾರ ಮಧ್ಯಾಹ್ನ, ಊರೆಲ್ಲ ಉಂಡು ತೂಕಡಿಸುವ ಹೊತ್ತಿಗೆ ಸರಿಯಾಗಿ, ರೇಡಿಯೋದಲ್ಲಿ ಅರವತ್ತರ ದಶಕದ ಪಾಪ್, ರಾಕ್ ಹಾಡುಗಳು ಬರುತ್ತಿದ್ದವು. ಹಾಡು ಮುಗಿದ ಮೇಲೆ ಅಭಿಮಾನಿಗಳು ಫೋನ್ ಮಾಡಿ ಅಭಿಪ್ರಾಯ ಹೇಳಬಹುದಿತ್ತು. ಹೇಳುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಆ ಹಾಡುಗಳ ಮಾತು ಅರ್ಧಂಬರ್ಧ ಅರ್ಥವಾಗುತ್ತಿತ್ತು. ಅದರಿಂದ ಅಭಿಪ್ರಾಯಕ್ಕೇನೂ ತೊಂದರೆಯಾಗಿರಲಿಲ್ಲ. ಪೂರ್ತಿ ಅರ್ಥವಾಗಿದ್ದರೆ ಅಷ್ಟು ಗಟ್ಟಿಯಾಗಿ ಮಾತಾಡುವ ಧೈರ್ಯ ಬರುತ್ತಿರಲಿಲ್ಲವೋ ಏನೋ.

ಇವರಲ್ಲೆಲ್ಲ ಹಳಬನೆಂದರೆ ಹೊಲಿಗೆ ಮಿಷನ್ ರಿಪೇರಿಯವನು. ಕಾರ್ಯಕ್ರಮ ನಡೆಸುವ ಹುಡುಗಿ ಅವನಿಗೆ ನಿಧಾನಪ್ಪ ಎಂದು ಹೆಸರಿಟ್ಟಿದ್ದಳು. ಯಾಕೆಂದರೆ ಯಾವ ಹಾಡು ಬರಲಿ, ಅವನ ತಕರಾರು ಒಂದೇ.

"ಹಾಡೇನೋ ಚಿನ್ನ, ಮೇಡಂ. ಆದ್ರೆ ನೀವು ಅದನ್ನ ಓಡಿಸ್ತಾ ಇದೀರಿ. ಜಾಹೀರಾತಿಗೆ ಜಾಗ ಮಾಡೋಕೆ ಹಾಡಿನ ಕತ್ತು ಹಿಸುಕಬೇಡಿ. ನಮ್ಮನೇಲಿ ಇವೆಲ್ಲದರ ಕ್ಯಾಸೆಟ್ ಇದೆ. ಆ ಕಾಲದವರು ಎಷ್ಟು ಸಮಾಧಾನವಾಗಿ ಹಾಡ್ತಿದ್ರು ಗೊತ್ತಾ? ಅವರಿಗೆ ಅವಸರ ಅನ್ನೋದೇ ಇರ್ಲಿಲ್ಲ."

ನಿಧಾನಪ್ಪ ಎಂಬ ಹೆಸರನ್ನು ಅವನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದ. ಪಾಪ, ಬೇರೆ ಬಿರುದು ಎಲ್ಲಿಂದ ಬರಬೇಕು? ಅಂಗಡಿಯಲ್ಲಿ ಗಿರಾಕಿಗಳು ಮಾತಾಡುತ್ತಿದ್ದರು, ಅವನ ಬಾಯಲ್ಲಿ ಸ್ಕ್ರೂಗಳಿರುತ್ತಿದ್ದವು. ಮನೆಯಲ್ಲಿ ಹೆಂಡತಿ ಮಾತಾಡುತ್ತಿದ್ದಳು, ಅಲ್ಲಿ ಸ್ಕ್ರೂ ಇಲ್ಲದೆಯೂ ಅವನ ಬಾಯಿ ಮುಚ್ಚಿರುತ್ತಿತ್ತು. "ನಿಮ್ಮ ಅಭಿಪ್ರಾಯ ಹೇಳಿ ಸರ್" ಎಂದು ಅವನನ್ನು ಕೇಳುವ ಜೀವ ಇಡೀ ಜಗತ್ತಿನಲ್ಲಿ ಆ ರೇಡಿಯೋ ಹುಡುಗಿ ಒಬ್ಬಳೇ. ಅಲ್ಲಿ ತಾನು ಆಡುವ ಎರಡು ಮಾತಿಗಾಗಿಯೇ ವಾರವಿಡೀ ಬದುಕುತ್ತೇನೆಂಬುದು ಅವನಿಗೆ ಗೊತ್ತಿತ್ತು. ಹೀಗೆಂದು ಯಾರಿಗಾದರೂ ಹೇಳಿಕೊಂಡರೆ ನಗುತ್ತಾರೆಂಬುದೂ ಗೊತ್ತಿತ್ತು. ಒಮ್ಮೊಮ್ಮೆ ಕನ್ನಡಿಯೆದುರು ಕ್ಷೌರ ಮಾಡಿಕೊಳ್ಳುವಾಗ ಅವನಿಗೇ ನಗು ಬರುತ್ತಿತ್ತು.

ಅವನ ಪ್ರಾಣವೆಂದರೆ ಒಂದು ಬಸ್ಸಿನ ಹಾಡು. ಕೊನೆಯ ಬಸ್ಸು, ಅದರಲ್ಲಿ ಹೊರಟ ಹುಡುಗಿ, ರಸ್ತೆಯಲ್ಲೊಬ್ಬ ಹುಡುಗ. ಬಸ್ಸು ತಪ್ಪಿಹೋಗಿದೆ, ಹುಡುಗ ಕಾಲೆಳೆದುಕೊಂಡು ಮನೆಗೆ ಮರಳುತ್ತಿದ್ದಾನೆ ಎಂಬುದು ನಿಧಾನಪ್ಪನ ವ್ಯಾಖ್ಯಾನ. ಡ್ರಮ್ಮಿನ ಒಂದೊಂದು ಪೆಟ್ಟೂ ಅವನ ಭಾರವಾದ ಒಂದೊಂದು ಹೆಜ್ಜೆ.

ಇದನ್ನು ಒಪ್ಪದವರು ಹಲ್ಲಿನ ಡಾಕ್ಟರು. ಅವರೂ ಪ್ರತಿ ವಾರ ಫೋನ್ ಮಾಡುವವರೇ. ದಿನವಿಡೀ ಬಾಯಿ ತೆರೆದು ಕೂತವರಿಗೆ ಅಭಿಪ್ರಾಯ ಹೇಳಿ ಹೇಳಿ, ಎದುರು ಮಾತು ಅಂತ ಒಂದಿರುತ್ತದೆ ಎನ್ನುವುದನ್ನೇ ಮರೆತವರು.

"ಬಸ್ ಇನ್ನೂ ತಪ್ಪಿಲ್ಲ ಕಣ್ರೀ! ಹುಡುಗ ಅದನ್ನ ಹಿಡಿಯೋಕೆ ಓಡ್ತಿದಾನೆ. ಅದು ಖುಷಿ ಹಾಡು. ನಿಮ್ಮ ಕ್ಯಾಸೆಟ್ಟಲ್ಲಿ ಅದ್ಯಾರು ಹಾಡಿದಾರೋ, ಜ್ವರ ಬಂದಿತ್ತೇನೋ."

"ಜ್ವರ ನಿಮ್ಮ ರೇಡಿಯೋ ಹಾಡಿಗೆ ಬಂದಿರೋದು ಡಾಕ್ಟ್ರೇ. ಅದಕ್ಕೇ ಆ ಪಾಟಿ ನಡುಗ್ತಿದೆ."

ಒಂದು ಭಾನುವಾರ ಈ ಜಗಳ ತಾರಕಕ್ಕೇರಿ ಪಂಥದಲ್ಲಿ ನಿಂತಿತು. ನಿಧಾನಪ್ಪ ತನ್ನ ಕ್ಯಾಸೆಟ್ಟು ಹಿಡಿದು ಸ್ಟುಡಿಯೋಗೆ ಬರಬೇಕು. ಎರಡನ್ನೂ ಕೇಳಿಸಬೇಕು, ತೀರ್ಪು ಕೇಳುಗರದು. ಸೋತವರು ಇನ್ನು ಮುಂದೆ ಕಾರ್ಯಕ್ರಮಕ್ಕೆ ಫೋನ್ ಮಾಡುವ ಹಾಗಿಲ್ಲ. "ಒಪ್ಕೊಂಡೆ" ಎಂದು ಕೂಗಿ ಫೋನಿಟ್ಟ ಮೇಲೆ ನಿಧಾನಪ್ಪನಿಗೆ ಪಂಥದ ಬೆಲೆ ಹೊಳೆಯಿತು. ಡಾಕ್ಟರಿಗೇನು, ಫೋನಿಲ್ಲದಿದ್ದರೆ ರೋಗಿಗಳಿದ್ದಾರೆ. ತನಗೆ?

"ಟೇಪ್ ರೆಕಾರ್ಡರ್ ಕೂಡ ತನ್ನಿ ಸರ್," ಎಂದಿದ್ದಳು ಹುಡುಗಿ. "ನಮ್ಮಲ್ಲಿ ಕ್ಯಾಸೆಟ್ ಹಾಕೋ ಮಿಷನ್ ಯಾವತ್ತೋ ಗುಜರಿ ಸೇರಿತು."

ಹೆಂಡತಿಗೆ ಸುದ್ದಿ ಹೇಳಿದಾಗ ಅವಳು ಸಿಂಕಿನಿಂದ ತಲೆಯೆತ್ತಲಿಲ್ಲ. "ಟೇಪ್ ರೆಕಾರ್ಡರ್ ಹುಷಾರು. ಅದನ್ನ ಬಿಚ್ಚಿ ಗಿಚ್ಚಿ ಹಾಳು ಮಾಡ್ಕೊಂಡು ಬರಬೇಡಿ" ಎಂದಳು ಅಷ್ಟೇ. ಅವಳಿಗೂ ಆ ಯಂತ್ರಕ್ಕೂ ಒಂದು ನಂಟಿತ್ತು. ಮದುವೆಯಾದ ಹೊಸತರಲ್ಲಿ ಗಂಡ ಹೆಂಡಿರ ನಡುವೆ ಒಂದು ಒಪ್ಪಂದವಾಗಿತ್ತು: ರಾತ್ರಿ ಊಟವಾದ ಮೇಲೆ ಅವಳು ಪಾತ್ರೆ ತೊಳೆಯಬೇಕು, ಬಸ್ಸಿನ ಹಾಡು ಮುಗಿಯುವವರೆಗೆ ಅವನು ಒರೆಸಿಕೊಡಬೇಕು. ಹಾಡು ನಿಂತಿತೋ, ಅವನ ಕೈಯಲ್ಲಿನ ಬಟ್ಟೆ ಕೆಳಗೆ, ಎಷ್ಟೇ ತಟ್ಟೆ ಬಾಕಿಯಿರಲಿ.

ಪಂಥದ ಹಿಂದಿನ ದಿನ ಅಂಗಡಿಗೆ ಒಬ್ಬ ಟೈಲರಮ್ಮ ಆಟೋದಲ್ಲಿ ಮಿಷನ್ ಹೇರಿಕೊಂಡು ಬಂದಳು. ಅವಳು ಪೆಡಲು ತುಳಿದಳೋ ಇಲ್ಲವೋ, ಮೂಲೆಯಲ್ಲಿ ಎಣ್ಣೆ ಡಬ್ಬಿ ಹುಡುಕುತ್ತಿದ್ದವನು ತಿರುಗಿಯೂ ನೋಡದೆ, "ಬೆಲ್ಟ್ ಸಡಿಲ" ಎಂದ.

"ಅಲ್ಲ ಅಣ್ಣಾ, ದಿನಾ ಇದರ ಮುಂದೇನೇ ಸಾಯ್ತೀನಿ, ನನಗೆ ಗೊತ್ತಾಗ್ಲಿಲ್ವಲ್ಲ?"

"ದಿನಾ ಕೂರೋರಿಗೆ ಗೊತ್ತಾಗಲ್ಲಮ್ಮ. ಬೆಲ್ಟು ಒಂದೇ ಸಲ ಜೋಲು ಬೀಳಲ್ಲ. ಕೂದಲೆಳೆಯಷ್ಟು ಕೂದಲೆಳೆಯಷ್ಟು ಬೀಳತ್ತೆ. ಕಿವಿ ಅದಕ್ಕೇ ಒಗ್ಗಿಬಿಡತ್ತೆ." ಈ ಮಾತನ್ನು ಅವನು ಎಂಥ ಗತ್ತಿನಲ್ಲಿ ಹೇಳಿದನೆಂದರೆ, ಮರುದಿನ ನೆನೆದಾಗ ಅವನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ಸ್ಟುಡಿಯೋ ಎಂದರೆ ಅರಮನೆಯೆಂದುಕೊಂಡಿದ್ದ. ನೋಡಿದರೆ ಗೋಡೆಗೆಲ್ಲ ಸ್ಪಂಜು ಅಂಟಿಸಿದ, ಅವನ ಅಂಗಡಿಗಿಂತಲೂ ಚಿಕ್ಕ ಕೋಣೆ. ಇಸ್ತ್ರಿಯ ಅಂಗಿ ತೊಟ್ಟು, ಅಭ್ಯಾಸಬಲದಿಂದ ಜೇಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು, ಟೇಪ್ ರೆಕಾರ್ಡರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತ. ಹುಡುಗಿ ಅವನ ಕಿವಿಗೆ ಹೆಡ್‌ಫೋನ್ ಹಾಕಿದಳು. ಮೇಜಿನ ಮೇಲೆ ಕೆಂಪು ದೀಪ ಹತ್ತಿತು. ಡಾಕ್ಟರು ಫೋನಿನಲ್ಲಿ ಕಾದಿದ್ದರು.

ಮೊದಲು ರೇಡಿಯೋದವರ ಹಾಡು. ಎಂದಿನಂತೆ ದಡಬಡ ಓಡಿ ಮುಗಿಯಿತು. ಆಮೇಲೆ ಅವನ ಟೇಪ್ ರೆಕಾರ್ಡರಿನ ಬಾಯಿಗೆ ಮೈಕು ಹಿಡಿದರು. ಗಿಟಾರು ಆಕಳಿಸುತ್ತಾ ಎದ್ದಿತು. ಗಾಯಕ ತನ್ನ ದುಃಖವನ್ನು ಒಂದೊಂದೇ ಮೂಟೆಯಾಗಿ ಇಳಿಸಿದ. ಹಾಡು ಮುಗಿಯುವ ಮೊದಲೇ ಒಬ್ಬಾಕೆ ಫೋನ್ ಮಾಡಿ, "ನಿಧಾನಪ್ಪನವರದೇ ಸರಿ, ಕಣ್ಣಲ್ಲಿ ನೀರು ಬಂತು" ಎಂದಳು. ಇನ್ನೊಬ್ಬ, "ಇದು ಹಾಡು ಅಂದ್ರೆ!" ಎಂದ. ಹುಡುಗಿ ಹೆಬ್ಬೆರಳೆತ್ತಿ ತೋರಿಸಿದಳು.

ಗೆದ್ದೇ ಬಿಟ್ಟಿದ್ದ. ಸುಮ್ಮನೆ ಕೂತಿದ್ದರೆ ಸಾಕಿತ್ತು.

ಆದರೆ ಆ ಹಾಳು ಹೆಡ್‌ಫೋನು! ಮನೆಯಲ್ಲಿ ಪಾತ್ರೆಯ ಗಲಾಟೆಯ ನಡುವೆ ಕೇಳುತ್ತಿದ್ದ ಹಾಡು ಈಗ ಬೇರೇನೂ ಇಲ್ಲದೆ ನೇರ ಕಿವಿಗೆ ಬೀಳುತ್ತಿತ್ತು. ಸಾಲಿನ ಕೊನೆಯಲ್ಲಿ ಗಾಯಕನ ದನಿ ಚೂರೇ ಚೂರು ಜಾರುತ್ತಿತ್ತು, ಮತ್ತೆ ಎದ್ದು ಸುಧಾರಿಸಿಕೊಳ್ಳುತ್ತಿತ್ತು. ಈ ಜಾರುವಿಕೆ ಅವನಿಗೆ ಗೊತ್ತು. ಅನ್ನ ಹಾಕಿದ ಸದ್ದು ಅದು. ಆ ಸದ್ದು ಕೇಳಿಯೂ ಕೈಕಟ್ಟಿ ಕೂರುವುದು ಅವನ ಜನ್ಮದಲ್ಲಿ ಆಗದ ಮಾತು. ತಲೆ ಯೋಚಿಸುವ ಮೊದಲೇ ಕೈ ಜೇಬಿಗೆ ಹೋಯಿತು. ಬಟನ್ ಒತ್ತಿ ಹಾಡು ನಿಲ್ಲಿಸಿ, ಯಂತ್ರವನ್ನು ಬೋರಲು ಮಾಡಿ, ಸ್ಕ್ರೂ ತಿರುಗಿಸತೊಡಗಿದ.

"ಸರ್, ಏನ್ ಮಾಡ್ತಿದೀರಿ? ಎಲ್ಲರೂ ಕೇಳ್ತಿದಾರೆ!"

ಹಿಂದಿನ ಮುಚ್ಚಳ ಬಂತು. ಒಳಗೆ ಕ್ಯಾಸೆಟ್ಟನ್ನು ತಿರುಗಿಸುವ ರಬ್ಬರ್ ಬೆಲ್ಟು, ಬೇಸಿಗೆಯ ನಾಯಿಯ ನಾಲಿಗೆಯಂತೆ ಜೋತಿತ್ತು.

"ಬೆಲ್ಟ್ ಸಡಿಲ" ಎಂದ ನಿಧಾನಪ್ಪ, ಗಿರಾಕಿಗೆ ಹೇಳುವ ಗತ್ತಿನಲ್ಲೇ. ಹೇಳಿದ್ದೇನು, ಕೇಳಿದವರೆಷ್ಟು ಮಂದಿ ಎಂಬುದು ಆಮೇಲೆ ತಲೆಗೆ ಇಳಿಯಿತು.

ಹುಡುಗಿ ತುಟಿ ಕಚ್ಚಿಕೊಂಡಿದ್ದಳು. ಅರವತ್ತರ ದಶಕದ ಸಮಾಧಾನ, ಆ ಕಾಲದವರ ತಾಳ್ಮೆ, ಭಾರವಾದ ಹೆಜ್ಜೆಗಳು, ಎಲ್ಲವೂ ಆ ಜೋಲು ರಬ್ಬರಿನಲ್ಲಿ ನೇತಾಡುತ್ತಿದ್ದವು. ಊರಿನ ಬೆಲ್ಟುಗಳನ್ನೆಲ್ಲ ಬಿಗಿ ಮಾಡಿದ ಪುಣ್ಯಾತ್ಮ ತನ್ನ ಮನೆಯ ಬೆಲ್ಟಿನ ಮೇಲೆ ಒಂದು ತತ್ತ್ವಶಾಸ್ತ್ರವನ್ನೇ ಕಟ್ಟಿದ್ದ.

"ತಪ್ಪು ನಂದೇ ಡಾಕ್ಟ್ರೇ," ಎಂದ ಮೈಕಿಗೆ. "ಹುಡುಗ ಓಡ್ತಾನೇ ಇದ್ದ. ನಾನೇ ಅವನ ಕಾಲಿಗೆ ಹಗ್ಗ ಕಟ್ಟಿದ್ದೆ."

ಡಾಕ್ಟರು ಬಿದ್ದು ಬಿದ್ದು ನಕ್ಕರು. "ಪರವಾಗಿಲ್ಲ ಬಿಡಿ. ಭಾನುವಾರ ಬೇಜಾರಾದ್ರೆ ನಮ್ಮ ಕ್ಲಿನಿಕ್ಕಿಗೆ ಬನ್ನಿ. ನಾನು ಮಾತಾಡ್ತೀನಿ, ನೀವು ಬಾಯಿ ತೆಗೆದು ಕೂತಿರಿ."

ಅಷ್ಟರಲ್ಲಿ ಇನ್ನೊಂದು ಫೋನ್ ಬಂತು. "ಹಲೋ, ನಾನು ನಿಧಾನಪ್ಪನ ಮನೆಯವಳು."

ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ರೀ, ಆ ಬೆಲ್ಟ್ ಬದಲಾಯಿಸಿದ್ರೆ ನೋಡಿ ಮತ್ತೆ!"

"ಲೇ, ಇದು ಸಡಿಲ ಆಗಿರೋದು ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಮದುವೆಯಾದಾಗ ಹಾಡು ಮುಗಿಯೋ ಹೊತ್ತಿಗೆ ಬರೀ ತಟ್ಟೆ ಒರೆಸ್ತಿದ್ರಿ. ಆಮೇಲೆ ಲೋಟಕ್ಕೆ ಬಂದ್ರಿ. ಈಗ ಬಾಣಲೆವರೆಗೂ ಬಂದಿದೀರಿ. ನಾನ್ಯಾಕೆ ಹೇಳಲಿ?"

ಹುಡುಗಿ ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದಳು. ಡಾಕ್ಟರು ಮಾತ್ರ ಪಂಥ ಪಂಥವೇ ಎಂದರು. ನಿಧಾನಪ್ಪ ಇನ್ನು ಫೋನ್ ಮಾಡುವ ಹಾಗಿಲ್ಲ.

"ಅವರು ತಾನೇ ಮಾಡಬಾರ್ದು?" ಎಂದಳು ಹೆಂಡತಿ. "ನಾನು ಮಾಡಬಹುದಲ್ಲ?"

ಸೋಮವಾರ ಅಂಗಡಿಯಿಂದ ಹೊಸ ಬೆಲ್ಟೊಂದನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದ. ಹೆಂಡತಿ ಜೇಬನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು. ಬೆಲ್ಟು ಮರುದಿನ ಅಂಗಡಿಗೆ ವಾಪಸಾಯಿತು.

ಮುಂದಿನ ಭಾನುವಾರ ಅವಳು ಹೊರಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಫೋನ್ ಹಿಡಿದಳು. ಬೆಳಗಿನಿಂದ ಅವಳಿಗೆ ಅವನು ಅಭಿಪ್ರಾಯವನ್ನು ಬಾಯಿಪಾಠ ಮಾಡಿಸಿದ್ದ. ಫೋನ್ ಹಿಡಿದವಳಿಗೆ ಪಾತ್ರೆ ತೊಳೆಯಲಾಗುವುದಿಲ್ಲವಾದ್ದರಿಂದ ಈಗ ತೊಳೆಯುವುದೂ ಅವನೇ, ಒರೆಸುವುದೂ ಅವನೇ. ಅಡುಗೆಮನೆಯ ರೇಡಿಯೋದಿಂದ ಅವಳ ದನಿ ಬಂತು:

"ನಮ್ಮನೆಯವರು ಹೇಳ್ತಾರೆ, ಈ ಹಾಡಲ್ಲಿ ಗಿಟಾರು ಅತ್ತ ಹಾಗಿದೆ ಅಂತ."

ನೊರೆಗೈಯಲ್ಲಿ ಬಾಣಲೆ ಹಿಡಿದು ಅವನು ಕಿವಿ ನಿಮಿರಿಸಿದ. ಇನ್ನೂ ಎಷ್ಟೋ ಹೇಳಿಕೊಟ್ಟಿದ್ದ.

"ಅದಿರಲಿ ಬಿಡಿ. ಈಗ ನನ್ನ ಅಭಿಪ್ರಾಯ ಹೇಳ್ತೀನಿ ಕೇಳಿ. ಡಾಕ್ಟ್ರು ಹೇಳೋದೇ ಸರಿ."