ಕಡಿಮೆ ಮಾಡಿ ಹೇಳಿದ ಸಾಕ್ಷಿ

ಹಿರಿಯೂರಿನ ನಮ್ಮ ಕ್ರೈಸ್ತ ಸಭೆಯವರು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಯಾರದಾದರೂ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದರು. ಹಾಡು, ವಾಕ್ಯ, ಆಮೇಲೆ ಸಾಕ್ಷಿ. ಸಾಕ್ಷಿ ಅಂದರೆ ಎದ್ದು ನಿಂತು, ನನಗೆ ಇಂಥ ಕಷ್ಟ ಬಂತು, ಸ್ವಾಮಿ ಹೀಗೆ ಬಿಡಿಸಿದರು ಎಂದು ಹೇಳುವುದು. ಕೊನೆಗೆ 'ಸ್ತೋತ್ರ' ಅಂದರೆ ಎಲ್ಲರೂ 'ಸ್ತೋತ್ರ' ಅನ್ನಬೇಕು. ಅದಾದರೆ ಚಹಾ, ಮಂಡಕ್ಕಿ.

ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಚಿತ್ರದುರ್ಗ ಜಿಲ್ಲೆಯಲ್ಲೇ ಇರಲಿಲ್ಲ. ಹದಿನಾರು ವರ್ಷಕ್ಕೇ ನನ್ನ ಬೆಲ್ ಬಾಟಂ ಪ್ಯಾಂಟು ಎಷ್ಟು ಅಗಲವಿತ್ತೆಂದರೆ ಬೀದಿ ಗುಡಿಸಿದ್ದಕ್ಕೆ ಪುರಸಭೆಯವರು ನನಗೆ ಸಂಬಳ ಕೊಡಬೇಕಿತ್ತು. ನನ್ನ ಸಾಕ್ಷಿ ಅದಕ್ಕಿಂತ ಅಗಲ. ಶ್ರೀರಾಂಪುರದ ಬಸ್ಸಿನ ಮೇಲಿಂದ ಬಿದ್ದೆ, ಸ್ವಾಮಿ ಕೆಳಗೆ ಕಡ್ಲೆಕಾಯಿ ಮೂಟೆ ಇಟ್ಟಿದ್ದರು. ಕುರಿಯವರ ಟಗರು ಗುದ್ದಿತು, ಮೂರು ಹೊಲ ದಾಟಿ ಬಿದ್ದೆ. ಚಂದ್ರವಳ್ಳಿಯ ಗವಿಯಲ್ಲಿ ಕರಡಿ ಎದುರಾಯಿತು, ಕೀರ್ತನೆ ಹಾಡಿದೆ, ನನ್ನ ರಾಗ ತಾಳಲಾರದೆ ಕರಡಿಯೇ ಓಡಿತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸ್ವಾಮಿಗೂ ನನ್ನನ್ನು ಕಾಪಾಡಿ ಕಾಪಾಡಿ ಸುಸ್ತಾಗಿರಬೇಕು.

ಪ್ರತಿ ಕಥೆಗೂ ನನ್ನ ಮೈಮೇಲೆ ಒಂದು ಗಾಯ ಇರುತ್ತಿತ್ತು. ಗಾಯ ನಿಜ, ಕರಡಿ ಸುಳ್ಳು. ಗಾಯ ಮಾಡುತ್ತಿದ್ದವನು ನಮ್ಮಪ್ಪ.

ಅಪ್ಪ ಆಸ್ಪತ್ರೆಯಲ್ಲಿ ಕಾಂಪೌಂಡರ್, ಸಭೆಯಲ್ಲಿ ಹಿರಿಯ. ಹಾಡಿದರೆ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವ್ವ ತೀರಿಕೊಂಡು ಎರಡು ವರ್ಷ. ಹೊಡೆದವನೇ ಆಮೇಲೆ ಹತ್ತಿ ತಂದು ಟಿಂಚರ್ ಹಚ್ಚುತ್ತಿದ್ದ, ಹೀಗಾಗಿ ಬೇರೆ ಯಾರೂ ನೋಡುವ ಹಾಗೇ ಇರಲಿಲ್ಲ. ಏಟು ಬೀಳುವಾಗಲೇ ನಾನು ಈ ವಾರ ಯಾವ ಪ್ರಾಣಿ ಎಂದು ಹುಡುಕುತ್ತಿದ್ದೆ. ಹಾಗೆ ಹುಡುಕಿದರೆ ನೋವು ಸ್ವಲ್ಪ ಆಚೆ ನಿಲ್ಲುತ್ತಿತ್ತು.

ತಂಗಿಗೆ ಏಳು ವರ್ಷ. ಅವಳ ಮೇಲೆ ಅವನು ಕೈ ಎತ್ತಿರಲಿಲ್ಲ. ಒಂದು ಗುರುವಾರ ಅವಳ ಕೈಯಿಂದ ಟಾನಿಕ್ ಬಾಟಲಿ ಜಾರಿ ಒಡೆಯಿತು. ಅಪ್ಪ ಬೆಲ್ಟು ಬಿಚ್ಚಿದ. ಅಡ್ಡ ಹೋದ ನನ್ನನ್ನು ಹಿತ್ತಲಿಗೆ ದಬ್ಬಿ ಚಿಲಕ ಹಾಕಿದ. ಬಾಗಿಲಿಗೆ ಕಿವಿಯಿಟ್ಟು ಪ್ರತಿ ಸದ್ದನ್ನೂ ಎಣಿಸಿದೆ. ಅವತ್ತಿನಿಂದ ಅವಳು ಮಂಚದ ಕೆಳಗೆ ಸೇರಿದಳು. ಒಂದು ಮಾತಿಲ್ಲ. ಹೆಸರು ಹಿಡಿದು ಕರೆದರೂ ಗೋಡೆ ನೋಡುತ್ತಿದ್ದಳು. ಇನ್ನೊಂದು ಸಲ ಹೀಗಾದರೆ ಇವಳು ಉಳಿಯುವುದಿಲ್ಲ ಅನ್ನಿಸಿತು.

ಆ ಭಾನುವಾರದ ಪ್ರಾರ್ಥನೆ ನಮ್ಮ ಮನೆಯಲ್ಲೇ. ಹೊಳಲ್ಕೆರೆಯಿಂದ ಬೈಬಲ್ ಅಮ್ಮನೂ ಬಂದಿದ್ದರು. ಹಳ್ಳಿ ಹಳ್ಳಿ ತಿರುಗಿ ಹೆಂಗಸರಿಗೆ ವಾಕ್ಯ ಓದಿ ಹೇಳುವ ವಿಧವೆ. ನಾನು ಎದ್ದು ನಿಂತದ್ದೇ ಜನ ನಗಲು ತಯಾರಾದರು.

"ಅಪ್ಪ ತಂಗಿಗೆ ಬೆಲ್ಟಲ್ಲಿ ಹೊಡ್ದ. ಅವತ್ತಿಂದ ಅವ್ಳು ಮಾತೇ ಆಡಿಲ್ಲ," ಎಂದೆ.

"ಯಾಕಲೇ, ಈ ಸಲ ಕರಡಿಗೆ ರಜಾನಾ?" ಎಂದರು ಸಭೆಯ ಇನ್ನೊಬ್ಬ ಹಿರಿಯರು, ಅಂಚೆ ಕಚೇರಿಯವರು. ಮನೆ ತುಂಬ ನಗು. ಅಪ್ಪನೂ ನಕ್ಕ.

ಒಬ್ಬ ಅಜ್ಜಿ ಮಾತ್ರ ಆಸೆಯಿಂದ ಕೇಳಿದರು. "ಆಮ್ಯಾಲೇನಾತಪ್ಪ? ಸ್ವಾಮಿ ಹೆಂಗ್ ಬಿಡ್ಸಿದ್ರು?"

"ಬಿಡ್ಸಿಲ್ಲಜ್ಜಿ. ಇನ್ನೂ ಬಂದೇ ಇಲ್ಲ."

ಬಿಡುಗಡೆ ಇಲ್ಲದ ಸಾಕ್ಷಿಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಅಪ್ಪ ಕೂತಲ್ಲಿಂದಲೇ ಮೆತ್ತಗೆ 'ಸ್ತೋತ್ರ' ಎಂದ. ರೂಢಿಯಂತೆ ಎಲ್ಲರೂ 'ಸ್ತೋತ್ರ' ಎಂದರು. ಚಹಾ ಬಂತು.

ನಾನು ಹಿತ್ತಲಿಗೆ ಹೋಗಿ ಬಚ್ಚಲ ಕಲ್ಲಿನ ಮೇಲೆ ಕುಸಿದೆ. ಸ್ವಾಮಿ, ಸುಳ್ಳು ಹೇಳಿದವನು ನಾನು, ಏಟು ನನಗೆ ಕೊಡು, ಅವಳಿಗೆ ಬೇಡ ಎಂದು ಅದನ್ನೇ ಮತ್ತೆ ಮತ್ತೆ ಹೇಳಿದೆ. ಆಕಾಶ ಬಿಸಿಲು ಕಾಯುತ್ತ ಸುಮ್ಮನಿತ್ತು. ಅಷ್ಟರಲ್ಲಿ ಒಳಗಿನಿಂದ ಬೈಬಲ್ ಅಮ್ಮನ ದನಿ ಕೇಳಿತು.

"ಕಾಂಪೌಂಡರೇ, ಏನ್ರಿ ಇದು, ಮಗೀನ ತಲೆ ತುಂಬ ಹೇನು! ನಾಕು ದಿನ ಹೊಳಲ್ಕೆರೆಗೆ ಕರ್ಕಂಡೋಗ್ತೀನಿ. ಅಣ್ಣನೂ ಬರ್ಲಿ, ಸೀಮೆಎಣ್ಣೆ ಹಚ್ಚಾಕೆ ಒಬ್ರು ಬೇಕು."

ಅಷ್ಟು ಜನರ ಮುಂದೆ ಅಪ್ಪ ಒಲ್ಲೆ ಅನ್ನಲಾಗಲಿಲ್ಲ. ಬೈಬಲ್ ಅಮ್ಮ ಮಂಚದ ಕೆಳಗೆ ತೂರಿ ಅವಳ ಬೆನ್ನು ನೋಡಿದ್ದರು. ತಲೆಯಲ್ಲಿ ಒಂದು ಹೇನೂ ಇರಲಿಲ್ಲ. ಅಂಥವರೂ ಸುಳ್ಳು ಹೇಳುತ್ತಾರೆಂದು ನನಗೆ ಅವತ್ತೇ ಗೊತ್ತಾದದ್ದು, ಅದೂ ನನ್ನಷ್ಟೇ ಸಲೀಸಾಗಿ. ಚಿತ್ರದುರ್ಗದಲ್ಲಿ ಬಸ್ಸು ಬದಲಿಸುವಾಗ ಮಾತ್ರ ಅವರು ಮೂರು ಸಲ ಹಿಂದೆ ತಿರುಗಿ ನೋಡಿದರು.

ಐದನೆಯ ದಿನ ಅಪ್ಪ ಹೊಳಲ್ಕೆರೆಗೆ ಬಂದ. ಜೊತೆಗೆ ಅಂಚೆ ಕಚೇರಿಯ ಹಿರಿಯರು. ಬೈಬಲ್ ಅಮ್ಮ ಬಾಗಿಲಲ್ಲೇ ನಿಂತು, "ಮಗು ಬರಾದಿಲ್ಲ. ಏನಾತು ಅಂತ ಹುಡುಗನ್ನ ಕೇಳ್ರಿ," ಎಂದರು.

ಹಿರಿಯರು ನನ್ನ ಕಡೆ ತಿರುಗಿದರು. "ನೋಡಪ್ಪ, ನಿಂದು ಒಂದಕ್ಕೆ ಹತ್ತು ಅಂತ ಊರಿಗೇ ಗೊತ್ತೈತೆ. ದೇವ್ರಾಣೆ ಹೇಳು. ಎಷ್ಟು ಏಟು?"

ನಾನು ಎಣಿಸಿದ್ದು ಹನ್ನೊಂದು. ಆದರೆ ಹನ್ನೊಂದು ಅಂದರೆ ಇವರು ಹತ್ತರಿಂದ ಭಾಗಿಸಿ ಒಂದು ಮಾಡುತ್ತಾರೆ. ನಂಬುವಂಥ ಲೆಕ್ಕ ಯಾವುದು? ಅಪ್ಪ ನನ್ನನ್ನೇ ನೋಡುತ್ತಿದ್ದ. ಹುಟ್ಟಿದಾಗಿನಿಂದ ಎಲ್ಲವನ್ನೂ ಹಿಗ್ಗಿಸಿದ ನಾನು ಆವತ್ತು ಮೊದಲ ಸಲ ಕುಗ್ಗಿಸಿದೆ.

"ಎರಡು," ಎಂದೆ. "ಮೂರಿರಬೋದು."

ಹಿರಿಯರ ಮುಖ ಅರಳಿತು. "ಅಷ್ಟೇನಾ? ತಾಯಿಲ್ಲದ ಮಕ್ಳನ್ನ ಸಾಕಾ ಮನೇಲಿ ಅಷ್ಟು ಇರ್ತೈತಪ್ಪ. ನಡೀರಿ, ಹೋಗಾಣ."

ಮುಗಿಯಿತು. ನಾನೇ ಮುಗಿಸಿದ್ದೆ. ಅಪ್ಪ ಒಳಗೆ ಕೈ ಚಾಚಿ, "ಬಾರವ್ವ," ಎಂದ, ಹಾಡುವಾಗಿನ ಅದೇ ದನಿಯಲ್ಲಿ.

"ಅಣ್ಣ ಸುಳ್ಳು ಹೇಳ್ತಾನೆ."

ಬೈಬಲ್ ಅಮ್ಮನ ಸೆರಗಿನ ಹಿಂದಿನಿಂದ ಬಂದ ದನಿ. ಒಂದು ವಾರ ಬಳಸದ ದನಿ ತುಕ್ಕು ಹಿಡಿದಂತಿತ್ತು.

"ಎರಡಲ್ಲ. ನಾನು ಎಣಿಸ್ದೆ. ಹನ್ನೊಂದು."

ಅವಳು ತಿರುಗಿ ನಿಂತಳು. ಬೈಬಲ್ ಅಮ್ಮ ಫ್ರಾಕಿನ ಗುಂಡಿ ಬಿಚ್ಚಿದರು. ಹಿರಿಯರು ಬೆನ್ನ ಮೇಲಿನ ಬಾಸುಂಡೆಗಳನ್ನು ನೋಡಿದರು. ಆಮೇಲೆ ಅಪ್ಪನ ಮುಖ ನೋಡದೆ, "ನೀನು ಬಸ್ ಸ್ಟ್ಯಾಂಡಿಗೆ ನಡಿ," ಎಂದರು. ಅಪ್ಪ ಹೋದ. ಹಿರಿಯರು ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೋದರು.

ತಂಗಿ ಸೀದಾ ಬೈಬಲ್ ಅಮ್ಮನ ಮಂಚದ ಕೆಳಗೆ ಸೇರಿದಳು. ನಾನು ನೆಲಕ್ಕೆ ಕೆನ್ನೆ ಹಚ್ಚಿ ಇಣುಕಿದೆ.

"ಯಾಕೆ ಕಡ್ಮೆ ಹೇಳ್ದೆ?" ಎಂದಳು.

ಬಾಯಿಗೆ ಮೂರು ತಮಾಷೆ ಬಂದವು. ಮೂರನ್ನೂ ನುಂಗಿದೆ. "ಹೆದ್ರಿದ್ದೆ ಕಣೇ," ಎಂದೆ.

ಅವಳು ಯೋಚಿಸಿದಳು. ಆಮೇಲೆ ಗೋಡೆ ಕಡೆ ಸರಿದು ಜಾಗ ಕೊಟ್ಟಳು. ನಾನೂ ತೂರಿದೆ. ಬೈಬಲ್ ಅಮ್ಮ ಬಂದು ಮಂಚದ ಪಕ್ಕ ನೆಲದ ಮೇಲೆ ಕುಂತರು. ಪ್ರಾರ್ಥನೆ ಮಾಡಿದರು, ಬರೀ ತುಟಿಯಲ್ಲಿ. ಹೊರಗೆ ಬನ್ನಿ ಎಂದು ಒಂದು ಸಲವೂ ಕರೆಯಲಿಲ್ಲ. ಮುದ್ದೆ ಸಾರಿನ ಎರಡು ತಟ್ಟೆಗಳನ್ನು ಒಂದೊಂದಾಗಿ ಒಳಗೆ ತಳ್ಳಿದರು.